ಬೀನ್ಸಿನಲ್ಲಿ ಹಂದಿ ಕೊಬ್ಬು, ಅನ್ನದಲ್ಲಿ ಕೋಳಿ ಸಾರು: ಮೆಕ್ಸಿಕನ್ ಹೋಟೆಲಿನಲ್ಲಿ ಸಸ್ಯಾಹಾರಿ ಏನು ತಿನ್ನಬೇಕು?

ಪ್ರಶ್ನೆ: ನಾವು ದಾವಣಗೆರೆಯವರು. ಹ್ಯೂಸ್ಟನ್ನಿನಲ್ಲಿರುವ ಮಗಳ ಮನೆಗೆ ಆರು ತಿಂಗಳ ಮಟ್ಟಿಗೆ ಬಂದಿದ್ದೇವೆ. ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ ಒಂದು ಸಣ್ಣ ಮೆಕ್ಸಿಕನ್ ಹೋಟೆಲ್ ಇದೆ. ಶನಿವಾರ ಮಧ್ಯಾಹ್ನ ಅಳಿಯಂದಿರು ಎಲ್ಲರನ್ನೂ ಅಲ್ಲಿಗೇ ಊಟಕ್ಕೆ ಕರೆದೊಯ್ಯುತ್ತಾರೆ. ನಾವಿಬ್ಬರೂ ಮೊಟ್ಟೆಯನ್ನೂ ಮುಟ್ಟದ ಸಸ್ಯಾಹಾರಿಗಳು. ಬೀನ್ಸಿಗೆ ಹಂದಿ ಕೊಬ್ಬು ಹಾಕುತ್ತಾರೆ ಎಂದು ಯಾರೋ ಹೇಳಿದ ಮೇಲೆ ಬರೀ ಮೆಕ್ಕೆಜೋಳದ ಚಿಪ್ಸ್ ಮತ್ತು ಸಾಲ್ಸಾ ಎಂಬ ಟೊಮೆಟೊ ಚಟ್ನಿ ತಿಂದು ಎದ್ದು ಬರುತ್ತಿದ್ದೇವೆ. ನಮ್ಮ ಯಜಮಾನರಿಗೆ ಸಕ್ಕರೆ ಕಾಯಿಲೆ ಬೇರೆ. ಅಲ್ಲಿ ನಾವು ಧೈರ್ಯವಾಗಿ ತಿನ್ನಬಹುದಾದದ್ದು ಏನಿದೆ? ಅಲ್ಲಿ ಕೊಡುವುದು ನಿಜವಾದ ಮೆಕ್ಸಿಕನ್ ಊಟವೇ ಅಲ್ಲ ಎಂದು ಮಗಳು ಹೇಳುತ್ತಾಳೆ, ಅದು ಹೌದೇ?

ಉತ್ತರ: ನಿಮಗೆ ಹಾಗೆ ಹೇಳಿದವರು ಸುಳ್ಳು ಹೇಳಿಲ್ಲ, ಅರ್ಧ ಹೇಳಿ ಬಿಟ್ಟಿದ್ದಾರೆ. ಬೀನ್ಸಿನಷ್ಟೇ ಎಚ್ಚರ ಬೇಕಾದ ಪದಾರ್ಥಗಳು ಆ ಮೆನುವಿನಲ್ಲಿ ಇನ್ನೂ ಹಲವಾರಿವೆ. ನಿಶ್ಚಿಂತೆಯಿಂದ ಹೊಟ್ಟೆ ತುಂಬಿಸಿಕೊಳ್ಳಬಹುದಾದವೂ ಕಡಿಮೆಯೇನಿಲ್ಲ. ಇನ್ನು, ಅಪಾಯವಿಲ್ಲವೆಂದು ನಂಬಿ ನೀವು ತಿನ್ನುತ್ತಿರುವ ಚಿಪ್ಸ್ ಇದೆಯಲ್ಲ, ನಿಮ್ಮ ಯಜಮಾನರ ಪಾಲಿಗೆ ಆ ಮೇಜಿನ ಮೇಲೆ ಅದಕ್ಕಿಂತ ಕೆಟ್ಟ ಊಟ ಇನ್ನೊಂದಿಲ್ಲ. ಅದನ್ನು ಆಮೇಲೆ ಹೇಳುತ್ತೇನೆ.

ಮೆನು ಓದುವ ಮೊದಲು ಅಡುಗೆಮನೆ ಹೇಗೆ ನಡೆಯುತ್ತದೆ ಎಂದು ತಿಳಿದುಕೊಳ್ಳಿ. ಇಂಥ ಹೋಟೆಲಿನಲ್ಲಿ ಎರಡು ಬಗೆಯ ಅಡುಗೆ ಇರುತ್ತದೆ. ಬೆಳಿಗ್ಗೆಯೇ ದೊಡ್ಡ ದೊಡ್ಡ ಪಾತ್ರೆಗಳಲ್ಲಿ ಆಗಿಹೋದದ್ದು ಒಂದು, ನೀವು ಹೇಳಿದ ಮೇಲೆ ಕಾವಲಿಯ ಮೇಲೆ ಆಗುವುದು ಇನ್ನೊಂದು. ಬೀನ್ಸ್, ಕೆಂಪು ಅನ್ನ, ಎಂಚಿಲಾಡದ (ಟೋರ್ಟಿಯಾ ಎಂಬ ತೆಳು ರೊಟ್ಟಿಯಲ್ಲಿ ಹೂರಣ ಸುತ್ತಿದ ಸುರುಳಿ) ಮೇಲೆ ಸುರಿಯುವ ಗ್ರೇವಿ, ಸೂಪು, ತಮಾಲೆ (ಮೆಕ್ಕೆಜೋಳದ ಹಿಟ್ಟಿನ ಕಡುಬು), ಇವೆಲ್ಲ ಬೆಳಗಿನವು. ಕೆಸಡಿಯಾ (ಚೀಸ್ ಇಟ್ಟು ಮಡಚಿ ಬೇಯಿಸಿದ ಟೋರ್ಟಿಯಾ), ಟಾಕೋ (ಹೂರಣ ಇಟ್ಟು ಮಡಚಿದ ಟೋರ್ಟಿಯಾ), ಟೋಸ್ಟಾಡಾ, ತರಕಾರಿ ಫಹೀಟಾ (ಕಾವಲಿಯಲ್ಲಿ ಹುರಿದ ತರಕಾರಿ ಸೀಳುಗಳು), ಗ್ವಾಕಮೋಲೆ (ಬೆಣ್ಣೆಹಣ್ಣಿನ ಚಟ್ನಿ), ಇವು ಆಗಿಂದಾಗ್ಗೆ ಆಗುವಂಥವು. ಎರಡನೆಯ ಗುಂಪಿನಲ್ಲಿ 'ಇದನ್ನು ಬಿಟ್ಟು ಅದನ್ನು ಹಾಕಿ' ಎಂದರೆ ನಡೆಯುತ್ತದೆ. ಮೊದಲನೆಯದರಲ್ಲಿ ನಡೆಯುವುದಿಲ್ಲ. ದರ್ಶಿನಿಯಲ್ಲಿ ನಿಂತು ಸಾಂಬಾರಿನಿಂದ ಈರುಳ್ಳಿ ತೆಗೆದುಕೊಡಿ ಎಂದರೆ ಹೇಗೋ ಹಾಗೆ. ಪರಿಚಾರಕರು ಮರ್ಯಾದೆಗೆ ತಲೆಯಾಡಿಸಬಹುದು, ಆದರೆ ಪಾತ್ರೆಗೆ ಬಿದ್ದದ್ದು ಬಿದ್ದಾಯಿತು. ಆದ್ದರಿಂದ ಬೆಳಗಿನ ಪಾತ್ರೆಗಳ ಬಗ್ಗೆ ಪ್ರಶ್ನೆ ಕೇಳಿ, ಕಾವಲಿಯಿಂದ ಊಟ ತರಿಸಿಕೊಳ್ಳಿ. ನನ್ನ ಸಲಹೆಯ ಮುಕ್ಕಾಲು ಪಾಲು ಇಷ್ಟೇ.

ಈಗ ಆ ಪಾತ್ರೆಗಳು. ಟೆಕ್ಸಾಸಿನಲ್ಲಿ ಬೀನ್ಸ್ ಎಂದರೆ ಸಾಮಾನ್ಯವಾಗಿ ಪಿಂಟೋ, ಕಂದು ಮೈಯ ಮೇಲೆ ಚುಕ್ಕೆ ಇರುವ ಕಾಳು. ನಮ್ಮ ರಾಜ್ಮಾ, ಪಲ್ಯಕ್ಕೆ ಹೆಚ್ಚುವ ಹುರುಳಿಕಾಯಿ, ಎಲ್ಲವೂ ಅದೇ ಸಸ್ಯ ಜಾತಿಗೆ ಸೇರಿದವು. ಕಾಳನ್ನು ಬೇಯಿಸಿ, ಕೊಬ್ಬಿನಲ್ಲಿ ಬಾಡಿಸಿ, ಮಸೆದು ಮುದ್ದೆ ಮಾಡಿದರೆ ರಿಫ್ರೈಡ್ ಬೀನ್ಸ್. ಸಂಪ್ರದಾಯದಲ್ಲಿ ಆ ಕೊಬ್ಬು ಹಂದಿಯದೇ. ಇಂದು ಎಷ್ಟೋ ಕಡೆ ಸಸ್ಯದ ಎಣ್ಣೆಗೆ ಬದಲಾಗಿದೆ, ಆದರೆ ಕೇಳದೆ ನಂಬುವಂತಿಲ್ಲ. ಮಸೆದದ್ದು ಬೇಡ, ಇಡೀ ಕಾಳು ಕೊಡಿ ಎಂದು ಜಾಣತನ ತೋರಿಸಲು ಹೋದರೆ ಟೆಕ್ಸಾಸಿನಲ್ಲಿ ಇನ್ನೊಂದು ಗುಂಡಿ ಕಾದಿರುತ್ತದೆ: ಚಾರೋ ಬೀನ್ಸ್ ಎಂಬ ತೆಳು ಸಾರಿನ ಕಾಳಿನಲ್ಲಿ ಬೇಕನ್, ಅಂದರೆ ಉಪ್ಪು ಹಾಕಿದ ಹಂದಿ ಮಾಂಸದ ತುಂಡುಗಳು ತೇಲುತ್ತಿರುತ್ತವೆ. ಬೊರಾಚೋ ಎಂದರೆ ಅದಕ್ಕೆ ಬಿಯರ್ ಕೂಡ ಸೇರಿರುತ್ತದೆ. ಕಪ್ಪು ಬೀನ್ಸ್ ಇದ್ದರೆ ಅದನ್ನೇ ಮೊದಲು ವಿಚಾರಿಸಿ. ಸಸ್ಯಾಹಾರಿ ಗಿರಾಕಿಗಳಿಗೆಂದೇ ಅದನ್ನು ಎಣ್ಣೆಯಲ್ಲಿ ಮಾಡಿಡುವ ಹೋಟೆಲುಗಳಿವೆ.

ಕೆಂಪು ಅನ್ನ ನೋಡಲು ಟೊಮೆಟೊ ಬಾತಿನಂತೆ ಸಾಧುವಾಗಿ ಕಾಣುತ್ತದೆ. ಅಕ್ಕಿಯನ್ನು ಎಣ್ಣೆಯಲ್ಲಿ ಹುರಿದು, ಟೊಮೆಟೊ, ಈರುಳ್ಳಿ, ಬೆಳ್ಳುಳ್ಳಿ ರುಬ್ಬಿ ಸುರಿಯುವವರೆಗೆ ಎಲ್ಲವೂ ಸರಿ. ಆಮೇಲೆ ನೀರಿನ ಬದಲು ಕೋಳಿ ಸಾರು ಹಾಕುತ್ತಾರೆ, ಇಲ್ಲವೇ ನೀರಿಗೆ ಕೋಳಿ ಸಾರಿನ ಪುಡಿ ಕಲಸುತ್ತಾರೆ. ಬೀನ್ಸಿನಲ್ಲಿ ಹಂದಿ ಕೊಬ್ಬು ಇಲ್ಲದ ಹೋಟೆಲುಗಳು ಸಿಗುತ್ತವೆ, ಕೋಳಿಯ ಸೋಂಕಿಲ್ಲದ ಕೆಂಪು ಅನ್ನ ಅದಕ್ಕಿಂತ ಅಪರೂಪ. ಅನ್ನವನ್ನು ಬಿಟ್ಟೇಬಿಡಿ. ಸಕ್ಕರೆ ಕಾಯಿಲೆಯವರಿಗೆ ಹೇಗಿದ್ದರೂ ಅದು ಬೇಡ.

ಎಲ್ಲಕ್ಕಿಂತ ಮೋಸದ್ದು ಚೀಸ್ ಎಂಚಿಲಾಡ. ಹೆಸರಿನಲ್ಲಿ ಚೀಸ್ ಇದೆ, ಸುರುಳಿ ಬಿಚ್ಚಿದರೆ ಒಳಗೂ ಚೀಸೇ ಇದೆ. ಆದರೆ ತಟ್ಟೆ ಬಂದಾಗ ಹತ್ತಿರದಿಂದ ನೋಡಿ. ಓವನ್ನಿನಿಂದ ಬಂದ ಬಿಸಿಗೆ ಅಂಚಿನಲ್ಲಿ ಬೀನ್ಸ್ ಒಣಗಿ ಬಿರುಕು ಬಿಟ್ಟಿರುತ್ತದೆ, ನಡುವೆ ಹಳದಿ ಚೀಸ್ ಗುಳ್ಳೆ ಬರುತ್ತಿರುತ್ತದೆ, ಅದರ ಕೆಳಗೆ ಇಟ್ಟಿಗೆ ಬಣ್ಣದ ಹೊಳೆಯುವ ಗ್ರೇವಿ ಹರಿದಿರುತ್ತದೆ. ಜೀರಿಗೆ, ಒಣಮೆಣಸಿನಕಾಯಿ ಪುಡಿ, ಮೈದಾ ಹುರಿದು ಮಾಡುವ ಈ ಚಿಲಿ ಗ್ರೇವಿಗೆ ಟೆಕ್ಸಾಸಿನ ಪದ್ಧತಿಯಲ್ಲಿ ದನದ ಮಾಂಸದ ಸಾರು ಹಾಕುವುದು ಸಾಮಾನ್ಯ. ಕೆಲವು ಕಡೆ ಮಾಂಸದ ಚೂರುಗಳೇ ಇರುತ್ತವೆ. ಜೀರಿಗೆಯ ಪರಿಚಿತ ಘಮ ಮೂಗಿಗೆ ಬಡಿದಾಗ ನಮ್ಮವರು 'ಇದು ನಮ್ಮದೇ ಗೊಜ್ಜು' ಎಂದು ಬಾಯಿಗಿಟ್ಟುಬಿಡುತ್ತಾರೆ. ಎಂಚಿಲಾಡ ತಿನ್ನಲೇಬೇಕೆಂದರೆ ಪಾಲಕ್ ಅಥವಾ ಅಣಬೆ ತುಂಬಿದ್ದನ್ನು ಹಸಿರು ಸಾಸಿನೊಡನೆ ಕೇಳಿ. ಟೊಮಾಟಿಯೋ ಎಂಬ, ತೆಳು ಪೊರೆಯ ಚೀಲದೊಳಗೆ ಬೆಳೆಯುವ ಹುಳಿ ಹಸಿರು ಕಾಯಿಯಿಂದ ಮಾಡಿದ ಸಾಸು ಅದು. ಅದಕ್ಕೂ ಕೋಳಿ ಸಾರು ಸೇರಿಸುವವರಿದ್ದಾರೆ, ಕೇಳಿಯೇ ತರಿಸಿಕೊಳ್ಳಿ.

ತಮಾಲೆಯ ಹಿಟ್ಟನ್ನು ಹಂದಿ ಕೊಬ್ಬಿನೊಡನೆ ನಾದುತ್ತಾರೆ, ಒಳಗೆ ಬರೀ ಬೀನ್ಸ್ ಇದ್ದರೂ ಅಷ್ಟೇ. ಟೋರ್ಟಿಯಾ ಸೂಪಿಗೆ ಕೋಳಿಯೇ ಆಧಾರ. ಚಿಲೆ ರೆಯೆನೋ, ಅಂದರೆ ಪೊಬ್ಲಾನೋ ಮೆಣಸಿನಕಾಯಿಗೆ ಚೀಸ್ ತುಂಬಿ ಕರಿದದ್ದು, ನಮ್ಮ ಮಿರ್ಚಿ ಭಜಿಯ ಅಣ್ಣನಂತೆ ಕಂಡು ಆಸೆ ಹುಟ್ಟಿಸುತ್ತದೆ. ಅದರ ಹೊದಿಕೆ ಕಡಲೆಹಿಟ್ಟಲ್ಲ, ನೊರೆ ಬರಿಸಿದ ಮೊಟ್ಟೆ. ಮೋಲೆ ಸಾಸು ಬಾದಾಮಿ, ಎಳ್ಳು, ಒಣಮೆಣಸಿನಕಾಯಿ, ಒಂದಿಷ್ಟು ಚಾಕೊಲೇಟ್ ಸೇರಿದ ಅದ್ಭುತ, ಆದರೆ ಅದರ ದ್ರವ ಕೋಳಿ ಸಾರು. ಇವನ್ನೆಲ್ಲ ದೂರದಿಂದ ನಮಸ್ಕರಿಸಿ ಮುಂದೆ ಹೋಗಿ.

ಕೇಳುವ ಬಗೆಯಲ್ಲಿ ಒಂದು ತೊಡಕಿದೆ. 'ನಾವು ಮಾಂಸ ತಿನ್ನುವುದಿಲ್ಲ' ಎಂದಷ್ಟೇ ಹೇಳಿದರೆ ಸಾಲದು. ಆ ಅಡುಗೆಮನೆಯ ಸ್ಪ್ಯಾನಿಷ್ ಮಾತಿನಲ್ಲಿ 'ಕಾರ್ನೆ' ಎಂದರೆ ಮುಖ್ಯವಾಗಿ ದನ, ಹಂದಿಯ ಮಾಂಸ. ಕಾರ್ನೆ ಬೇಡ ಎಂದವರ ಮುಂದೆ ಒಳ್ಳೆಯ ಮನಸ್ಸಿನಿಂದಲೇ ಕೋಳಿ ತಂದಿಡುವುದುಂಟು. ಪದಾರ್ಥದ ಹೆಸರು ಹಿಡಿದು ಕೇಳಿ. 'ಲೋಸ್ ಫ್ರಿಹೋಲೆಸ್ ತಿಯೆನೆನ್ ಮಾಂತೆಕಾ?' ಎಂದರೆ ಬೀನ್ಸಿನಲ್ಲಿ ಹಂದಿ ಕೊಬ್ಬು ಇದೆಯೇ ಎಂದು. 'ಕಾಲ್ದೋ ದೆ ಪೋಯೋ' ಎಂದರೆ ಕೋಳಿ ಸಾರು. ಉತ್ತರದಲ್ಲಿ 'ಮಾಂತೆಕಾ ವೆಹೆತಾಲ್' ಎಂದು ಬಂದರೆ ಅದು ವನಸ್ಪತಿ, 'ಮಾಂತೆಕಿಯಾ' ಎಂದರೆ ಬೆಣ್ಣೆ, ಎರಡಕ್ಕೂ ಗಾಬರಿಯಾಗಬೇಕಿಲ್ಲ. ಹ್ಯೂಸ್ಟನ್ನಿನಲ್ಲಿ ಇಂಗ್ಲಿಷಿನಲ್ಲಿ ಕೇಳಿದರೂ ಕೆಲಸವಾಗುತ್ತದೆ, ನಿಜ. ಆದರೆ ಪಾತ್ರೆಗೆ ಏನು ಬಿದ್ದಿದೆ ಎಂಬುದು ಗೊತ್ತಿರುವುದು ಒಳಗಿರುವ ಅಡುಗೆಯವರಿಗೆ, ಅವರಿಗೆ ಸ್ಪ್ಯಾನಿಷ್ ಸಲೀಸು. ಇನ್ನೊಂದು ಮಾತು: ಈ ವಿಚಾರಣೆಯನ್ನು ಶನಿವಾರ ಹನ್ನೆರಡೂವರೆಗೆ, ಬಾಗಿಲಲ್ಲಿ ಜನ ಕಾಯುತ್ತಿರುವಾಗ ಇಟ್ಟುಕೊಳ್ಳಬೇಡಿ. ವಾರದ ನಡುವೆ ಒಂದು ದಿನ ಮಧ್ಯಾಹ್ನ ಮೂರರ ಮೇಲೆ, ಅವರು ಕೈ ಒರೆಸಿಕೊಂಡು ಕುಳಿತಿರುವ ಹೊತ್ತಿಗೆ ಮಗಳನ್ನು ಕರೆದುಕೊಂಡು ಹೋಗಿ ಕೇಳಿ. ಒಮ್ಮೆ ತಿಳಿದುಕೊಂಡರೆ ಆರು ತಿಂಗಳಿಗೂ ಸಾಕು. ಪಕ್ಕದ ಮೇಜಿನವರಿಗೂ ತೊಂದರೆಯಿಲ್ಲ.

ಇಷ್ಟು ಹೇಳಿ ಹೆದರಿಸಿದ ಮೇಲೆ ತಿನ್ನುವುದು ಏನು? ಮೊದಲು ಮೆಕ್ಕೆಜೋಳದ ಟೋರ್ಟಿಯಾ ಕೇಳಿ. ಮೈದಾ ಟೋರ್ಟಿಯಾ ಮೃದುವಾಗಿ, ಬಿಸಿಯಾಗಿ, ಬಟ್ಟೆ ಸುತ್ತಿಕೊಂಡು ಬರುತ್ತದೆ. ಅದರ ಮೃದುತ್ವಕ್ಕೆ ಕಾರಣ ಹಿಟ್ಟಿಗೆ ಬಿದ್ದ ಕೊಬ್ಬು. ಅದು ವನಸ್ಪತಿಯೂ ಇರಬಹುದು, ಹಂದಿಯದೂ ಇರಬಹುದು. ಜೋಳದ ಟೋರ್ಟಿಯಾದಲ್ಲಿ ಇರುವುದು ಮೆಕ್ಕೆಜೋಳ, ನೀರು, ಸುಣ್ಣ, ಅಷ್ಟೇ. ಸುಣ್ಣ ಎಂದರೆ ಹೌದು, ನೀವು ಎಲೆಯಡಿಕೆಗೆ ಹಚ್ಚುವ ಅದೇ ತೊಯ್ದ ಸುಣ್ಣ. ಕಾಳನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ರಾತ್ರಿಯಿಡೀ ನೆನೆಯಬಿಟ್ಟು, ಬೆಳಿಗ್ಗೆ ಕೈಯಲ್ಲಿ ತಿಕ್ಕಿ ತೊಳೆದರೆ ಸಿಪ್ಪೆ ಲೋಳೆಯಾಗಿ ಬಿಟ್ಟುಕೊಳ್ಳುತ್ತದೆ. ಅದನ್ನು ರುಬ್ಬಿದ ಹಿಟ್ಟಿನ ಹೆಸರು ಮಾಸಾ. ದಾವಣಗೆರೆಯವರಾದ ನಿಮಗೆ ಮೆಕ್ಕೆಜೋಳವನ್ನು ನಾನು ಪರಿಚಯಿಸಬೇಕಿಲ್ಲ, ಸುತ್ತಲಿನ ಹೊಲಗಳಲ್ಲೆಲ್ಲ ಅದೇ. ಆದರೆ ನಮ್ಮಲ್ಲಿ ಅದರ ಬಹುಪಾಲು ಕೋಳಿ ಆಹಾರಕ್ಕೂ ಪಿಷ್ಟದ ಕಾರ್ಖಾನೆಗೂ ಹೋಗುತ್ತದೆ. ಮನೆಯಲ್ಲಿ ಅದರ ಹಿಟ್ಟಿನಿಂದ ರೊಟ್ಟಿ ತಟ್ಟಲು ಹೋದವರಿಗೆ ಅದು ಬಿರಿಯುವ ಬಗೆಯೂ ಗೊತ್ತು. ಸುಣ್ಣ ಉಂಡ ಮಾಸಾ ಬಿರಿಯುವುದಿಲ್ಲ, ತೆಳ್ಳಗೆ ಒತ್ತಿದರೂ ಹಿಡಿದುಕೊಳ್ಳುತ್ತದೆ, ಕಾವಲಿಯ ಮೇಲೆ ಮಗುಚಿದಾಗ ನಮ್ಮ ರೊಟ್ಟಿಯ ಹಾಗೆ ಉಬ್ಬುತ್ತದೆ.

ಸುಣ್ಣ ಇದಕ್ಕಿಂತ ದೊಡ್ಡ ಕೆಲಸವನ್ನೂ ಮಾಡುತ್ತದೆ. ಮೆಕ್ಕೆಜೋಳದಲ್ಲಿ ನಯಾಸಿನ್ ಎಂಬ ಬಿ ಜೀವಸತ್ವ ಇದ್ದರೂ ಅದು ದೇಹಕ್ಕೆ ದಕ್ಕದಂತೆ ಬಿಗಿದುಕೊಂಡಿರುತ್ತದೆ, ಸುಣ್ಣ ಅದನ್ನು ಬಿಡಿಸುತ್ತದೆ. ಅಮೆರಿಕ ಖಂಡದಿಂದ ಕಾಳನ್ನು ಒಯ್ದ ಯುರೋಪಿನವರು ಸುಣ್ಣದ ಪಾಠವನ್ನು ಅಲ್ಲೇ ಬಿಟ್ಟುಹೋದರು. ಮೆಕ್ಕೆಜೋಳವನ್ನೇ ನಂಬಿದ ಬಡವರು ಇಟಲಿಯಲ್ಲಿ, ಸ್ಪೇನಿನಲ್ಲಿ, 20ನೆಯ ಶತಮಾನದ ಆರಂಭದಲ್ಲಿ ಇದೇ ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ನಯಾಸಿನ್ ಕೊರತೆಯಿಂದ ಬರುವ ಪೆಲ್ಲಾಗ್ರಾ ರೋಗಕ್ಕೆ ತುತ್ತಾದರು. (ನಮ್ಮ ದಖ್ಖನ್ನಿನಲ್ಲಿ ಬಿಳಿಜೋಳ ತಿನ್ನುವ ಬಡವರಲ್ಲೂ ಈ ರೋಗ ಕಂಡು, ಹೈದರಾಬಾದಿನಲ್ಲಿ ಸಿ. ಗೋಪಾಲನ್ ಮತ್ತು ಸಂಗಡಿಗರು 1960ರ ದಶಕದಲ್ಲಿ ಅದರ ಕಾರಣ ಹುಡುಕಿದ್ದರು. ಅದು ಬೇರೆಯೇ ಕಥೆ.) ಮೆಕ್ಸಿಕೋದ ಹಳ್ಳಿಗಳಲ್ಲಿ ಸಾವಿರಾರು ವರ್ಷ ಅದೇ ಮೆಕ್ಕೆಜೋಳ ತಿಂದವರು ಅದರಿಂದ ಪಾರಾಗಿದ್ದರು.

ಜೋಳದ ಟೋರ್ಟಿಯಾ ಮೇಜಿಗೆ ಬಂದ ಮೇಲೆ ಉಳಿದದ್ದು ಸುಲಭ. ಜೋಳದ ಟೋರ್ಟಿಯಾದಲ್ಲೇ ಕೆಸಡಿಯಾ ಮಾಡಿಕೊಡಿ ಎನ್ನಿ, ಒಳಗೆ ಅಣಬೆ ಅಥವಾ ರಾಹಾಸ್ ಹಾಕಿಸಿ. ರಾಹಾಸ್ ಎಂದರೆ ಬೆಂಕಿಯಲ್ಲಿ ಸುಟ್ಟು ಸಿಪ್ಪೆ ತೆಗೆದ ಪೊಬ್ಲಾನೋ ಮೆಣಸಿನಕಾಯಿಯ ಸೀಳುಗಳು. ಖಾರ ಕಡಿಮೆ, ಸುಟ್ಟ ಬದನೆಕಾಯಿಯ ಹೊಗೆ ರುಚಿ. ಅದೃಷ್ಟವಿದ್ದರೆ ಕುಂಬಳ ಹೂವಿನ ಕೆಸಡಿಯಾ ಕೂಡ ಸಿಗುತ್ತದೆ. ಬೀನ್ಸ್ ಎಣ್ಣೆಯದು ಎಂದು ಖಚಿತವಾದರೆ ಬೀನ್ಸ್ ಟೋಸ್ಟಾಡಾ ಹೇಳಿ. ಟೆಕ್ಸಾಸಿನ ಎಷ್ಟೋ ಮೆನುಗಳಲ್ಲಿ ಅದನ್ನೇ ಚಲೂಪಾ ಎಂದು ಬರೆದಿರುತ್ತಾರೆ. ಕರಿದ ಚಪ್ಪಟೆ ಟೋರ್ಟಿಯಾದ ಮೇಲೆ ಬೀನ್ಸ್, ಹೆಚ್ಚಿದ ಲೆಟಿಸ್, ಟೊಮೆಟೊ, ಚೂರು ಚೀಸ್, ಎರಡು ತಿಂದರೆ ಊಟವಾಯಿತು. ನೊಪಾಲೆಸ್ ಕಂಡರೆ ಬಿಡಬೇಡಿ. ನಮ್ಮ ಹೊಲದ ಬೇಲಿಗಳಲ್ಲಿ ಬೆಳೆಯುವ ಪಾಪಾಸುಕಳ್ಳಿಯ ಬಳಗದ ಗಿಡ ಅದು, ಎಳೆಯ ದಳಗಳ ಮುಳ್ಳು ಹೆರೆದು ಪಲ್ಯವೋ ಕೋಸಂಬರಿಯೋ ಮಾಡುತ್ತಾರೆ. ಬೆಂಡೆಕಾಯಿಯಂತೆ ಸ್ವಲ್ಪ ಲೋಳೆ, ಹುಳಿ ರುಚಿ. ಬ್ರಿಟಿಷರು ಈ ಕಳ್ಳಿಯನ್ನು ಭಾರತದಲ್ಲಿ ನೆಟ್ಟದ್ದು ಕೆಂಪು ಬಣ್ಣ ಕೊಡುವ ಕೊಚಿನೀಲ್ ಹುಳು ಸಾಕಲು. ಹುಳು ಕೈಕೊಟ್ಟಿತು, ಕಳ್ಳಿ ಉಳಿಯಿತು. ಅದನ್ನು ತಿನ್ನಬಹುದೆಂದು ನಮಗೆ ಯಾರೂ ಹೇಳಲಿಲ್ಲ. ನೊಪಾಲೆಸ್‌ಗೆ ಮೊಟ್ಟೆ ಕಲಸುವ ಪದ್ಧತಿಯೂ ಇದೆ, ಅದೊಂದನ್ನು ಕೇಳಿಕೊಳ್ಳಿ.

ತರಕಾರಿ ಫಹೀಟಾ ಚುರುಗುಟ್ಟುತ್ತ ಬರುತ್ತದೆ, ಅದರ ತರಕಾರಿ ಬೆಂದದ್ದು ಸಾಮಾನ್ಯವಾಗಿ ಮಾಂಸ ಬೆಂದ ಕಾವಲಿಯ ಮೇಲೆಯೇ. ಚಿಪ್ಸಿನ ಎಣ್ಣೆಯಲ್ಲಿ ಬೇರೆಯದೂ ಕರಿದಿರಬಹುದು. ಚೀಸಿಗೆ ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಎಂಬ ಹೆಪ್ಪು ಹಾಕಿರಬಹುದು. ಇವುಗಳಲ್ಲಿ ಎಲ್ಲಿಯವರೆಗೆ ಹೋಗುವುದು ಎಂಬುದು ನಿಮ್ಮ ಮನಸ್ಸಿಗೆ ಬಿಟ್ಟದ್ದು. ಕಾವಲಿ ಹಂಚಿಕೊಂಡದ್ದನ್ನೂ ಒಪ್ಪದವರಿಗೆ ಮಾಂಸದ ಹೋಟೆಲಿನಲ್ಲಿ ಗ್ವಾಕಮೋಲೆ, ಸಾಲ್ಸಾ, ಹಣ್ಣು ಬಿಟ್ಟರೆ ಬೇರೆ ದಾರಿ ಇಲ್ಲ. ಅಂಥವರು ಅಳಿಯಂದಿರಿಗೆ ಬೇರೆ ಹೋಟೆಲ್ ತೋರಿಸುವುದೇ ಸರಿ.

ನಿಮ್ಮ ಯಜಮಾನರ ವಿಷಯ. ಹತ್ತು ಹನ್ನೆರಡು ಚಿಪ್ಸ್ ಎಂದರೆ ಸುಮಾರು 140 ಕ್ಯಾಲೊರಿ, 18 ಗ್ರಾಂ ಪಿಷ್ಟ. ಮಾತನಾಡುತ್ತ ತಿನ್ನುವಾಗ ಹತ್ತಕ್ಕೆ ಯಾರೂ ನಿಲ್ಲುವುದಿಲ್ಲ, ಬುಟ್ಟಿ ಖಾಲಿಯಾದರೆ ಪುಕ್ಕಟೆಯಾಗಿ ಇನ್ನೊಂದು ಬರುತ್ತದೆ. ಎಣ್ಣೆಯೂ ಉಪ್ಪೂ ಹೊಟ್ಟೆ ಸೇರಿ, ನಾರು, ಪ್ರೋಟೀನು ಹೆಚ್ಚೇನೂ ಸಿಗದೆ ಎದ್ದು ಬಂದಂತಾಯಿತು. ಇದಕ್ಕೆ ಬದಲು ಸಣ್ಣ ಜೋಳದ ಟೋರ್ಟಿಯಾ ಒಂದಕ್ಕೆ 50ರಿಂದ 60 ಕ್ಯಾಲೊರಿ, 11–12 ಗ್ರಾಂ ಪಿಷ್ಟ. ಬುರಿಟೋ ಸುತ್ತುವ ದೊಡ್ಡ ಮೈದಾ ಟೋರ್ಟಿಯಾ ಒಂದಕ್ಕೇ ಸುಮಾರು 300 ಕ್ಯಾಲೊರಿ, 50 ಗ್ರಾಂ ಪಿಷ್ಟ. ಎರಡು ಮೂರು ಜೋಳದ ಟೋರ್ಟಿಯಾ, ಅರ್ಧ ಬಟ್ಟಲು ಬೀನ್ಸ್, ಧಾರಾಳವಾಗಿ ಸಾಲ್ಸಾ, ಬೆಣ್ಣೆಹಣ್ಣಿನ ಹೋಳು, ಇದು ಅವರಿಗೆ ಒಪ್ಪುವ ಊಟ. ಬೀನ್ಸಿನ ನಾರು ಸಕ್ಕರೆಯನ್ನು ನಿಧಾನವಾಗಿ ಏರಿಸುತ್ತದೆ. ಚೀಸ್ ಹೆಚ್ಚು ಸುರಿದ ಊಟವಾದರೆ ಸಕ್ಕರೆ ಎರಡು ತಾಸಿಗಿಂತ ತಡವಾಗಿ ಏರಬಹುದು, ಎರಡನೆಯ ತಾಸಿನಲ್ಲಿ ಬಂದ ಒಳ್ಳೆಯ ಅಂಕಿ ನೋಡಿ ಹಿಗ್ಗಬೇಡಿ. ಇನ್ನೊಂದು ಮುಖ್ಯ ಮಾತು: ಅವರು ಇನ್ಸುಲಿನ್ ಅಥವಾ ಸಕ್ಕರೆಯನ್ನು ತೀರಾ ಇಳಿಸಬಲ್ಲ ಮಾತ್ರೆ ತೆಗೆದುಕೊಳ್ಳುವವರಾದರೆ, ಆ ಔಷಧಿ ಪಡೆದು ಹೋಗಿ ಸರಿಯಾಗಿ ಉಣ್ಣದೆ ಕೂರುವುದು ಅಪಾಯ. ಯಾವ ಮಾತ್ರೆ ಎಂದು ವೈದ್ಯರನ್ನು ಕೇಳಿಕೊಳ್ಳಿ.

ಕುಡಿಯಲು ಓರ್ಚಾಟಾ ಬೇಡ, ಅದು ಅಕ್ಕಿ, ದಾಲ್ಚಿನ್ನಿ, ಸಕ್ಕರೆಯ ಪಾನಕ. ಹಮೈಕಾ ಎಂಬ ಕಡುಗೆಂಪು ಪಾನೀಯ ನಿಮಗೆ ಇಷ್ಟವಾಗಬಹುದು. ಅದು ಪುಂಡಿ ಸೊಪ್ಪಿನ ಬಳಗದ ಗಿಡದ ಹೂವಿನ ಬುಡದ ಹುಳಿ ಪುಷ್ಪಪತ್ರ ಕುದಿಸಿ ಮಾಡಿದ್ದು. ಅದಕ್ಕೂ ಸಕ್ಕರೆ ಧಾರಾಳ, ಆದ್ದರಿಂದ ಅದು ನಿಮಗೆ ಮಾತ್ರ. ಯಜಮಾನರಿಗೆ ನೀರಿಗೆ ನಿಂಬೆ ಹಿಂಡಿಕೊಡಿ.

ಇನ್ನು ಮಗಳ ಮಾತು. ಮೆಕ್ಸಿಕೋದಲ್ಲಿ ಮಧ್ಯಾಹ್ನದ ಊಟ ದಿನದ ದೊಡ್ಡ ಊಟ, ಎರಡರಿಂದ ನಾಲ್ಕರ ನಡುವೆ. ಬೀದಿ ಬದಿಯ ಫೋಂಡಾ ಎಂಬ ಸಣ್ಣ ಊಟದ ಹೋಟೆಲುಗಳಲ್ಲಿ ಕೋಮಿಡಾ ಕೊರೀಡಾ ಎಂದು ಒಂದು ದರಕ್ಕೆ ಪೂರ್ತಿ ಊಟ ಸಿಗುತ್ತದೆ: ಮೊದಲು ಸೂಪು, ಆಮೇಲೆ ಅನ್ನ, ಆಮೇಲೆ ಆ ದಿನದ ಮುಖ್ಯ ಪದಾರ್ಥ, ಜೊತೆಗೆ ಟೋರ್ಟಿಯಾ, ಹಣ್ಣಿನ ನೀರು. ಒಂದೇ ತಟ್ಟೆಯಲ್ಲಿ ಎಲ್ಲವನ್ನೂ ಹಳದಿ ಚೀಸಿನಲ್ಲಿ ಮುಳುಗಿಸಿ 'ನಂಬರ್ ನಾಲ್ಕು' ಎಂದು ಕರೆಯುವ ಪದ್ಧತಿ ಅಲ್ಲಿಯದಲ್ಲ, ಟೆಕ್ಸಾಸಿನದು. ಅಷ್ಟರ ಮಟ್ಟಿಗೆ ನಿಮ್ಮ ಮಗಳು ಸರಿ. ಆದರೆ 'ನಿಜವಾದದ್ದಲ್ಲ' ಎಂದು ಮೂಗು ಮುರಿಯುವುದನ್ನು ನಾನು ಒಪ್ಪುವುದಿಲ್ಲ. 1836ರವರೆಗೆ ಟೆಕ್ಸಾಸ್ ಮೆಕ್ಸಿಕೋದ ಭಾಗವಾಗಿತ್ತು. ಅಲ್ಲಿದ್ದ ಎಷ್ಟೋ ಮೆಕ್ಸಿಕನ್ನರು ಎಲ್ಲಿಗೂ ಹೋಗಲಿಲ್ಲ, ಗಡಿ ಅವರ ಮನೆಗಳನ್ನು ದಾಟಿ ಹೋಯಿತು. 19ನೆಯ ಶತಮಾನದ ಕೊನೆಯಲ್ಲಿ ಸ್ಯಾನ್ ಆಂಟೋನಿಯೊದ ಚೌಕಗಳಲ್ಲಿ ರಾತ್ರಿ ದೀಪ ಹಚ್ಚಿಟ್ಟು ಚಿಲಿ ಎಂಬ ಖಾರದ ಮಾಂಸದ ಸಾರು ಮಾರುತ್ತಿದ್ದ ಮೆಕ್ಸಿಕನ್ ಹೆಂಗಸರು ಈ ಅಡುಗೆಯನ್ನು ಊರಿಗೆಲ್ಲ ಪರಿಚಯಿಸಿದರು. 1930ರ ದಶಕದಲ್ಲಿ ಆರೋಗ್ಯ ನಿಯಮಗಳ ಹೆಸರಿನಲ್ಲಿ ಅವರನ್ನು ಎಬ್ಬಿಸಲಾಯಿತು. ಅವರ ಮಸಾಲೆಯನ್ನು ಪುಡಿ ಮಾಡಿ ಶೀಶೆಯಲ್ಲಿ ಮಾರಲು 1890ರ ದಶಕದಲ್ಲೇ ಶುರು ಮಾಡಿದ್ದವನು ಗೆಬ್ಹಾರ್ಟ್ ಎಂಬ ಜರ್ಮನ್ ವಲಸಿಗ. ಚಿಪ್ಸಿನ ಮೇಲೆ ಚೀಸ್ ಕರಗಿಸಿದ ನಾಚೋಸ್ ಹುಟ್ಟಿದ್ದು 1940ರ ದಶಕದಲ್ಲಿ, ಗಡಿಯ ಆಚೆ ಪಿಯೆದ್ರಾಸ್ ನೆಗ್ರಾಸ್ ಊರಿನಲ್ಲಿ, ಇಗ್ನಾಸಿಯೋ ಅನಾಯಾ ಎಂಬವರ ಕೈಯಲ್ಲಿ, ಗಡಿಯ ಈಚೆಯಿಂದ ಬಂದ ಹೆಂಗಸರಿಗಾಗಿ. ಇದರಲ್ಲಿ ಯಾವುದನ್ನು ನಕಲಿ ಎನ್ನುವುದು?

ಹಾಗೆಂದು ಹಳೆಯ ಮೆಕ್ಸಿಕೋ ಬೇಕೇ ಬೇಕು ಎನ್ನುವವರಿಗೆ ನಿಮ್ಮ ತಟ್ಟೆಯೇ ಹೆಚ್ಚು ಹತ್ತಿರ. 16ನೆಯ ಶತಮಾನದಲ್ಲಿ ಸ್ಪೇನಿನವರು ಬರುವ ಮೊದಲು ಅಲ್ಲಿ ಹಂದಿಯೂ ಇರಲಿಲ್ಲ, ಹಸುವೂ ಇರಲಿಲ್ಲ, ಆದ್ದರಿಂದ ಹಂದಿ ಕೊಬ್ಬೂ ಇಲ್ಲ, ಚೀಸೂ ಇಲ್ಲ. ಹಬ್ಬದ ದಿನ ಟರ್ಕಿ ಕೋಳಿಯೋ ಬೇಟೆಯ ಮಾಂಸವೋ ಇತ್ತು. ಸಾಮಾನ್ಯರ ದಿನನಿತ್ಯದ ಊಟ ಜೋಳ, ಬೀನ್ಸ್, ಕುಂಬಳ, ಮೆಣಸಿನಕಾಯಿ, ಕಲ್ಲಿನಲ್ಲಿ ಅರೆದ ಸಾಲ್ಸಾ. 2010ರಲ್ಲಿ ಯುನೆಸ್ಕೋ ಮೆಕ್ಸಿಕೋದ ಸಾಂಪ್ರದಾಯಿಕ ಅಡುಗೆಯನ್ನು ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿದಾಗಲೂ ಅದರ ಬುನಾದಿಯೆಂದು ಹೆಸರಿಸಿದ್ದು ಜೋಳ, ಬೀನ್ಸ್, ಮೆಣಸಿನಕಾಯಿಗಳನ್ನೇ.

ಸಿಹಿಯಲ್ಲಿ ಫ್ಲಾನ್, ತ್ರೆಸ್ ಲೆಚೆಸ್ ಎರಡಕ್ಕೂ ಮೊಟ್ಟೆ ಇದೆ. ಆರೋಸ್ ಕೋನ್ ಲೆಚೆ ಸಿಕ್ಕರೆ ಅದು ದಾಲ್ಚಿನ್ನಿ ಹಾಕಿದ ಅಕ್ಕಿ ಪಾಯಸ, ಮೊಟ್ಟೆ ಇಲ್ಲವೆಂದು ಒಮ್ಮೆ ಕೇಳಿಕೊಂಡು ನೀವು ತಿನ್ನಿ. ಬಿಲ್ ಬಂದಾಗ ಅಳಿಯಂದಿರಿಗೆ ಒಂದು ಮಾತು ಹೇಳಿ: ಟೆಕ್ಸಾಸಿನಲ್ಲಿ ಟಿಪ್ಸ್ ನಂಬಿ ದುಡಿಯುವವರಿಗೆ ಮಾಲೀಕರು ಕೊಡಲೇಬೇಕಾದ ಕನಿಷ್ಠ ನಗದು ಕೂಲಿ ತಾಸಿಗೆ 2.13 ಡಾಲರ್ ಮಾತ್ರ. ಬೀನ್ಸಿನ ಪಾತ್ರೆಯ ಬಗ್ಗೆ ಇಷ್ಟೊಂದು ಕೇಳಿ, ಒಳಗೆ ಹೊರಗೆ ಓಡಾಡಿಸಿದ ಮೇಲೆ 15 ಶೇಕಡಾಕ್ಕೆ ನಿಲ್ಲಿಸದೆ 20 ಇಡುವುದು ಒಳ್ಳೆಯದು. ಮುಂದಿನ ಶನಿವಾರ ಆ ಪರಿಚಾರಕರೇ ನಿಮ್ಮ ಮೇಜಿಗೆ ಬರುವುದು.